ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ನಾವೇ ಲೆಕ್ಕ ಹಾಕುವುದು ಹೇಗೆ?

ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಅಳೆದ ದೂರಕ್ಕೂ ವೆಬ್‌ಸೈಟುಗಳು ತೋರಿಸುವ ದೂರಕ್ಕೂ ತಾಳೆಯಾಗುತ್ತಿಲ್ಲ, ಏಕೆ ಎಂದು ಕೇಳಿದ್ದೀರಿ. ತಾಳೆಯಾಗುವುದೂ ಇಲ್ಲ. ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿರುತ್ತಾರೆ. ಧ್ರುವದ ಕಡೆ ಹೋದಷ್ಟೂ ಎಲ್ಲವೂ ಹಿಗ್ಗಿರುತ್ತದೆ. ಸ್ಕೇಲ್ ಬದಿಗಿಟ್ಟು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳಿ.

ಮೊದಲು ಬೆಂಗಳೂರು–ದೆಹಲಿ ಮಾಡಿ ನೋಡಿ. ನನಗೆ ಬಹಳ ಇಷ್ಟವಾದ ಲೆಕ್ಕ ಇದು, ಏಕೆಂದರೆ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ: ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ 77.71, ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 77.10 ಡಿಗ್ರಿ ಪೂರ್ವ. ಹಾಗಾಗಿ ಅಕ್ಷಾಂಶದ ವ್ಯತ್ಯಾಸವೊಂದೇ ಸಾಕು. ದೆಹಲಿಯ 28.57ರಲ್ಲಿ ಬೆಂಗಳೂರಿನ 13.20 ಕಳೆದರೆ 15.37 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ ಸುಮಾರು 1,709 ಕಿ.ಮೀ. ಕ್ಯಾಲ್ಕುಲೇಟರ್ ಕೂಡ ಬೇಕಿಲ್ಲ! ಭೂಮಿ ಧ್ರುವಗಳ ಹತ್ತಿರ ಒಂಚೂರು ಚಪ್ಪಟೆ. ಅದನ್ನೂ ಲೆಕ್ಕಕ್ಕೆ ಹಿಡಿಯುವ ತಾಣಗಳು ಆರೇಳು ಕಿ.ಮೀ. ಕಡಿಮೆ ತೋರಿಸುತ್ತವೆ, ಅಷ್ಟೇ.

ರೇಖಾಂಶವೂ ಬದಲಾದರೆ ಸೂತ್ರ ಬೇಕು. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ. ಅವುಗಳ ಕೋಸೈನ್‌ಗಳನ್ನೂ ಗುಣಿಸಿ, ಅದಕ್ಕೆ ರೇಖಾಂಶ ವ್ಯತ್ಯಾಸದ ಕೋಸೈನ್ ಗುಣಿಸಿ. ಎರಡನ್ನೂ ಕೂಡಿ ಬಂದ ಸಂಖ್ಯೆ ಯಾವ ಕೋನದ ಕೋಸೈನ್ ಎಂದು ಹುಡುಕಿ, ಆ ಕೋನವನ್ನು 111.2ರಿಂದ ಗುಣಿಸಿ. ಪಶ್ಚಿಮದ ರೇಖಾಂಶಕ್ಕೂ ದಕ್ಷಿಣದ ಅಕ್ಷಾಂಶಕ್ಕೂ ಮೈನಸ್ ಹಾಕಲು ಮರೆಯಬೇಡಿ. ಎಕ್ಸೆಲ್‌ನಲ್ಲಿ ಮಾಡುವುದಾದರೆ ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಿಸಲೇಬೇಕು. ಆಮೇಲೆ ಸಿಗುವ ಕೋನವೂ ರೇಡಿಯನ್‌ನಲ್ಲೇ ಇರುವುದರಿಂದ ಅದನ್ನು ಭೂಮಿಯ ತ್ರಿಜ್ಯ 6,371ರಿಂದ ಗುಣಿಸಿದರಾಯಿತು.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋಗೆ ಇದನ್ನು ಹಾಕಿ ನೋಡಿ (ಅಲ್ಲಿಯದು 37.62 ಉತ್ತರ, 122.38 ಪಶ್ಚಿಮ). ಕೋನ ಸುಮಾರು 125.8 ಡಿಗ್ರಿ, ದೂರ 13,990 ಕಿ.ಮೀ. ಆಸುಪಾಸು. ದಾರಿ ಎಲ್ಲಿ ಹಾಯುತ್ತದೆ ಗೊತ್ತೇ? ಅರಬ್ಬಿ ಸಮುದ್ರದ ಮೇಲೂ ಅಲ್ಲ, ಪೆಸಿಫಿಕ್‌ನ ನಡುಮಧ್ಯೆಯೂ ಅಲ್ಲ. ಚೀನಾ, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಎಳೆದು ಹಿಡಿಯಿರಿ, ಕಣ್ಣಿಗೇ ಕಾಣುತ್ತದೆ. ಇದಕ್ಕೇ ಮಹಾವೃತ್ತದ ದಾರಿ ಎನ್ನುವುದು.

ಆದರೆ ವಿಮಾನ ಇಷ್ಟೇ ದೂರ ಹಾರುತ್ತದೆ ಎಂದುಕೊಳ್ಳಬೇಡಿ. ನಾವು ಲೆಕ್ಕ ಹಾಕಿದ್ದು ಅತಿ ಕಡಿಮೆ ದೂರ. ಗಾಳಿ, ಹವಾಮಾನ, ನಿಷೇಧಿತ ವಾಯುಪ್ರದೇಶ ಎಲ್ಲ ಸೇರಿ ದಾರಿ ಬದಲಾಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದಿದ್ದು ಉತ್ತರ ಧ್ರುವದ ಮೇಲಿಂದ. 2022ರಲ್ಲಿ ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಒಂಬತ್ತೂವರೆಯಿಂದ ಸುಮಾರು 13 ಗಂಟೆಗೆ ಏರಿತು. ನಿಲ್ದಾಣಗಳು ಅಲ್ಲೇ ಇವೆ, ನಮ್ಮ ಸೂತ್ರದ ಉತ್ತರವೂ ಅದೇ!

ಆದ್ದರಿಂದ ಎರಡು ಊರುಗಳನ್ನು ಹೋಲಿಸಲು ಈ ಲೆಕ್ಕ ಸಾಕು. ನಿಜವಾಗಿ ಹಾರಿದ ದಾರಿ ನೋಡಬೇಕಿದ್ದರೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ಆ ವಿಮಾನದ ನಂಬರ್ ಹಾಕಿ ನೋಡಿ.