ತೋಟದ ಮಾತು ಬೇರೆ, ಬಾಯಿಯ ಮಾತು ಬೇರೆ

ಪ್ರಶ್ನೆ: ನಾನು ಶಿರಸಿ ಸೀಮೆಯ ಅಡಿಕೆ ಬೆಳೆಗಾರ, ವಯಸ್ಸು 54. ಐದು ವರ್ಷಗಳ ಹಿಂದೆ ಕೆನ್ನೆಯ ಒಳಭಾಗದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎರಡೂ ಆದವು. ಹೊಗೆಸೊಪ್ಪು ಮುಟ್ಟಿದವನಲ್ಲ, ಕವಳ, ಅಂದರೆ ಎಲೆಯಡಿಕೆ ಮಾತ್ರ ದಿನಕ್ಕೆ ಹತ್ತು ಹದಿನೈದು ಬಾರಿ ಹಾಕುತ್ತಿದ್ದೆ. ಅಡಿಕೆಯಿಂದ ಕ್ಯಾನ್ಸರ್ ಬರುವುದಿಲ್ಲವೆಂಬ ರಾಜಕಾರಣಿಯೊಬ್ಬರ ಭಾಷಣವನ್ನು ಅಣ್ಣ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಾಗ ‘ಬರುತ್ತದೆ, ನಾನೇ ಸಾಕ್ಷಿ’ ಎಂದು ಬರೆದೆ. ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದಾನೆ. ಉಂಡ ಮನೆಗೆ ಎರಡು ಬಗೆಯುವವನೆಂದು ದಾಯಾದಿಗಳು ಬರೆಯುತ್ತಾರೆ, ಅವರೇ ದಿನಾ ಲಕ್ಷ್ಮಣಫಲದ ಕಷಾಯದ ವಿಡಿಯೊ ಕಳಿಸುತ್ತಾರೆ. ಇದರ ಜತೆಗೆ ಯಾರೋ ನನ್ನ ಫೋಟೊ ಹಾಕಿ, ‘ಈ ಪುಡಿಯಿಂದ ಗುಣವಾದರು’ ಎಂಬ ಜಾಹೀರಾತನ್ನು ಫೇಸ್‌ಬುಕ್‌ನಲ್ಲಿ ಬಿಟ್ಟಿದ್ದಾರೆ. ಅಣ್ಣನ ಮಗ 19ರ ಹುಡುಗ, ಪಾನ್ ಮಸಾಲೆಯ ಚೀಟಿ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾನೆ. ಗುಂಪು ಬಿಡಲೇ, ಸುಮ್ಮನಿರಲೇ, ಜಗಳಕ್ಕೇ ಇಳಿಯಲೇ?

ಉತ್ತರ: ಮಾನ್ಯರೇ, ಹನ್ನೊಂದು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಬದುಕಿರುವವಳಾದ್ದರಿಂದ ಲಕ್ಷ್ಮಣಫಲದ ವಿಡಿಯೊಗಳ ವಿಷಯದಲ್ಲಿ ನಾನು ನಿಮಗಿಂತ ಹಿರಿಯಳು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡದ್ದನ್ನು ಮನುಷ್ಯರ ಮೇಲೆ ಯಾರೂ ಸಾಬೀತು ಮಾಡಿಲ್ಲ. ಕಳಿಸುವವರಲ್ಲಿ ಹೆಚ್ಚಿನವರಿಗೆ ನಮ್ಮೊಡನೆ ಏನು ಮಾತನಾಡಬೇಕೆಂದು ತಿಳಿಯದೆ ಹಣ್ಣನ್ನು ಮುಂದೆ ಮಾಡುತ್ತಾರೆ ಎಂಬುದು ನನ್ನ ಅನುಭವ, ಓದದೆ ಅಳಿಸಿ.

ನಿಮಗೆ ಹಿಡಿಸದ ಮಾತೊಂದನ್ನು ಹೇಳಬೇಕಾಗಿದೆ. ‘ನಾನೇ ಸಾಕ್ಷಿ’ ಎಂದು ನೀವು ಬರೆದೊಡನೆ, ತೊಂಬತ್ತರವರೆಗೆ ಕವಳ ಜಗಿದು ಸುಖವಾಗಿ ತೀರಿಕೊಂಡ ಅಜ್ಜನೊಬ್ಬನನ್ನು ದಾಯಾದಿಗಳು ತಂದು ನಿಲ್ಲಿಸಿರುತ್ತಾರೆ. ಅಂಥ ಅಜ್ಜ ನಮ್ಮ ಕಡೆ ಮನೆಗೊಬ್ಬ. ಒಬ್ಬರ ಬಾಯಿಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು, ಅದು ಅಜ್ಜನದಾದರೂ ಸರಿ, ನಿಮ್ಮದಾದರೂ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ತಂಬಾಕು ಬೆರೆತ ಎಲೆಯಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕವೆಂದಿತ್ತು. ತಂಬಾಕಿಲ್ಲದ ಕವಳದ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. ‘ತಪ್ಪು ಹೊಗೆಸೊಪ್ಪಿನದು, ಅಡಿಕೆಯದಲ್ಲ’ ಎಂದು ನಿಮ್ಮ ಅಣ್ಣನವರು ಇಂದು ಹೇಳುತ್ತಿರುವುದು ಆ ಕಾಲಕ್ಕೆ ಒಪ್ಪುವ ಮಾತೇ ಆಗಿತ್ತು. ಆಮೇಲೆ ತೈವಾನ್‌ನ ಅಧ್ಯಯನಗಳು ಬಂದವು. ಅಲ್ಲಿಯವರು ಹಸಿ ಅಡಿಕೆಯನ್ನು ಸುಣ್ಣದೊಂದಿಗೆ ಜಗಿಯುತ್ತಾರೆ, ಹೊಗೆಸೊಪ್ಪು ಸೇರಿಸುವ ರೂಢಿಯೇ ಅವರಲ್ಲಿಲ್ಲ, ಆದರೂ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಿತ್ತು. 2003ರ ಮರುಪರಿಶೀಲನೆಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಸಾಲಿಗೆ ಸೇರಿಸಿದರು. ಅದೇ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗಿಯುವ ತಂಬಾಕು ಅಥವಾ ಅಡಿಕೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಬಂದ ಬಾಯಿ ಕ್ಯಾನ್ಸರ್ ಪ್ರಕರಣಗಳು ಸುಮಾರು 1,20,200, ಅವುಗಳಲ್ಲಿ ಭಾರತದವೇ 83,400.

ಆದರೆ ಇದನ್ನು ಬರೆದು ಗುಂಪಿಗೆ ಹಾಕಬೇಡಿ. ಕೊಳೆ ರೋಗ, ಎಲೆಚುಕ್ಕಿ ರೋಗ, ಹೊರದೇಶದ ಅಡಿಕೆಯ ಕಾಟ ಎಲ್ಲವನ್ನೂ ಕಂಡಿರುವ ಬೆಳೆಗಾರನ ಕಿವಿಗೆ ‘ಕ್ಯಾನ್ಸರ್’ ಎಂಬುದು ಧಾರಣೆ ಕುಸಿತವೆಂದೇ ಕೇಳಿಸುತ್ತದೆ. ಎರಡು ಎಕರೆ ತೋಟವನ್ನು ನಂಬಿ ಸಾಲ ಮಾಡಿದವರ ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ನಿಮ್ಮ ಆಸ್ಪತ್ರೆಯ ಬಿಲ್ಲು ಕಟ್ಟಿದ್ದೂ ಆ ಅಡಿಕೆಯ ದುಡ್ಡೇ ಇರಬಹುದು. ಸಿಟ್ಟು ಬರುವುದು ಭಾಷಣಕಾರರ ಮೇಲೆ. ಅಡಿಕೆ ಸೀಮೆಯಲ್ಲಿ ಮತ ಕೇಳುವ ಯಾವ ಪಕ್ಷದವರ ಬಾಯಲ್ಲೂ ಬೇರೆ ಮಾತು ಬರುವುದಿಲ್ಲ. ತೋಟದಲ್ಲಿ ಕಾಳುಮೆಣಸು, ಏಲಕ್ಕಿ, ಜಾಯಿಕಾಯಿಗಳನ್ನು ನೆಚ್ಚಿಕೊಳ್ಳುವಂತೆ ಬೆಳೆಗಾರನಿಗೆ ಆಸರೆ ಒದಗಿಸುವುದು ವರ್ಷಗಟ್ಟಲೆಯ ಕೆಲಸ, ಮೈಕಿನ ಮುಂದೆ ವೈದ್ಯರಾಗುವುದು ಹತ್ತು ನಿಮಿಷದ್ದು. ಗುಂಪನ್ನು ಬಿಡಬೇಡಿ, ಸದ್ದು ಮಾತ್ರ ಬಂದ್ ಮಾಡಿಡಿ; ಮದುವೆ, ತಿಥಿಗಳ ಸುದ್ದಿ ಬರುವುದು ಅಲ್ಲೇ ತಾನೆ.

ಫೋಟೊ ವಿಷಯದಲ್ಲಿ ಮಾತ್ರ ಸುಮ್ಮನಿರಬಾರದು, ಏಕೆಂದರೆ ನಿಮ್ಮ ಮುಖವನ್ನು ನಂಬಿ ಯಾರೋ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡಬಹುದು. ಜಾಹೀರಾತು, ಅದರ ಪುಟದ ಹೆಸರು, ಅದರಲ್ಲಿರುವ ಫೋನ್ ನಂಬರು ಎಲ್ಲವೂ ಕಾಣುವಂತೆ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ನಂತರ ಫೇಸ್‌ಬುಕ್‌ಗೆ ದೂರು ಕೊಡಿ, ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಮಾಂತ್ರಿಕ ಪರಿಹಾರ ಕಾಯ್ದೆಯಡಿ ಅಪರಾಧ. ದೂರಿನಲ್ಲಿ ಅದನ್ನೂ ಬರೆಯಿರಿ. ಯಾರದೋ ಅಂಗಡಿಯ ಪುಡಿಗೆ ನನ್ನ ಮುಖವೂ ಒಮ್ಮೆ ಬಿದ್ದಿತ್ತು, ತೆಗೆಸಲು ಒಂದೂವರೆ ತಿಂಗಳು ಹಿಡಿಯಿತು.

ಇನ್ನು ಆ ಹುಡುಗ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಅವನ ಮೇಲೆಯೇ ನನ್ನ ಕಣ್ಣು ನಿಂತಿತು. ರಾಜ್ಯದಲ್ಲಿ ತಂಬಾಕು ಬೆರೆತ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಚೀಟಿ ಬಂದವು, ಬೆರೆಸುವ ಕೆಲಸ ಅಂಗೈಗೆ ಬಿತ್ತು. ಅವನ ಬಳಿ ಇರುವುದು ಒಂದೇ ಚೀಟಿಯೋ ಎರಡೋ ನೋಡಿ. ಅಣ್ಣನವರ ಮನೆಗೆ ಫೋನು ಮಾಡದೆ ಹೋಗಿ, ಅಡಿಕೆ ಗೊನೆ ಕೊಯ್ಲಿನ ದಿನವಾದರೆ ಒಳ್ಳೆಯದು, ಕೈಗೆ ಕೆಲಸವಿದ್ದಾಗ ಮಾತು ಸುಲಭವಾಗುತ್ತದೆ. ಭಾಷಣದ ವಿಷಯ ಎತ್ತಬೇಡಿ. ಊಟಕ್ಕೆ ಕುಳಿತಾಗ, ನೀವು ಅನ್ನವನ್ನು ಗಂಜಿಯಂತೆ ಕಿವಿಚಿ ಸಣ್ಣ ಚಮಚದಲ್ಲಿ ತಿನ್ನುವವರಾದರೆ ಹಾಗೆಯೇ ತಿನ್ನಿ, ಮರೆಮಾಡಬೇಡಿ. ಆಮೇಲೆ ಹುಡುಗನನ್ನು ಜಗಲಿಗೆ ಕರೆದು, ಬಾಯಿ ಪೂರ್ತಿ ತೆರೆದು ಅವನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಮೇಲುಹಲ್ಲು, ಕೆಳಹಲ್ಲುಗಳ ನಡುವೆ ತೂರಿಸಲು ಹೇಳಿ. ಮೂರನೆಯ ಬೆರಳು ಹೋಗದಿದ್ದರೆ, ಅಥವಾ ಖಾರ ತಿಂದಾಗ ಬಾಯಿ ಉರಿಯುತ್ತದೆ ಎಂದರೆ, ಅಡಿಕೆ ಜಗಿಯುವವರಿಗೆ ಬರುವ, ಕೆನ್ನೆಯ ಒಳಪೊರೆ ಬಿಗಿದುಕೊಳ್ಳುವ ತೊಂದರೆ ಶುರುವಾಗಿರಬಹುದು. ಅದೇ ವಾರ ದಂತವೈದ್ಯರ ಬಳಿ ಕರೆದೊಯ್ಯಿರಿ. ಅಣ್ಣನವರು ಬರುವುದಾದರೆ ಅವರನ್ನೂ ಜತೆಗೆ ಕೂರಿಸಿಕೊಳ್ಳಿ.