ಸಿಮ್ಯುಲೇಟರೋ, ನಿಜವಾದ ಫೋನೋ?

ಪ್ರಶ್ನೆ: ಸಿಮ್ಯುಲೇಟರ್‌ನಲ್ಲಿ (ಮ್ಯಾಕ್ ಮೇಲೆ ಫೋನನ್ನು ಅನುಕರಿಸುವ ತಂತ್ರಾಂಶ) ಕ್ಯಾಮೆರಾ ತೆರೆಯದಂತೆ ಐಫೋನ್ ಆ್ಯಪ್‌ನಲ್ಲಿ ಪ್ರೊಸೆಸರ್ ಹೆಸರು ನೋಡುವ ಷರತ್ತು ಹಾಕಿದ್ದೆ. ಹಳೆಯ ಮ್ಯಾಕ್‌ನಲ್ಲಿ ಸರಿಯಿತ್ತು, ಹೊಸದರಲ್ಲಿ ಆ್ಯಪ್ ಕ್ರ್ಯಾಶ್ ಆಗುತ್ತಿದೆ. ಏಕೆ? ಆಂಡ್ರಾಯ್ಡ್‌ನಲ್ಲಿ ಪತ್ತೆ ಹೇಗೆ?

ಉತ್ತರ: ಸಿಮ್ಯುಲೇಟರ್ ಓಡುವುದು ಮ್ಯಾಕ್‌ನ ಪ್ರೊಸೆಸರ್ ಮೇಲೆ. ಇಂಟೆಲ್ ಮ್ಯಾಕ್‌ನಲ್ಲಿ ಅದರ ಹೆಸರು 'ಎಕ್ಸ್86_64'. ಹಾಗಾಗಿ ನಿಮ್ಮ ಷರತ್ತು ನಡೆಯಿತು. 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲಿ ಅದು 'ಆರ್ಮ್64', ಫೋನಿನದೂ ಅದೇ! ಷರತ್ತು ಸುಳ್ಳಾಗಿ, ಇಲ್ಲದ ಕ್ಯಾಮೆರಾಕ್ಕೆ ಕೋಡ್ ಕೈಹಾಕುತ್ತದೆ.

ಅದನ್ನು ತೆಗೆದು '#ಇಫ್ ಟಾರ್ಗೆಟ್‌ಎನ್ವಿರಾನ್‌ಮೆಂಟ್(ಸಿಮ್ಯುಲೇಟರ್)' ಬರೆಯಿರಿ, ಸ್ವಿಫ್ಟ್ ಭಾಷೆಯ 4.1ನೇ ಆವೃತ್ತಿಯಿಂದ ಇದೆ. ಇದು ಕಂಪೈಲ್ ಹೊತ್ತಿನಲ್ಲೇ (ಕೋಡ್ ಆ್ಯಪ್ ಆಗಿ ಮಾರ್ಪಡುವಾಗಲೇ) ತೀರ್ಮಾನವಾಗುವುದರಿಂದ ಆ ಭಾಗದ ಕೋಡ್ ಫೋನಿನ ಬಿಲ್ಡ್‌ಗೆ ಹೋಗುವುದೇ ಇಲ್ಲ. ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ 'ಟಾರ್ಗೆಟ್_ಓಎಸ್_ಸಿಮ್ಯುಲೇಟರ್' ಬಳಸಿ. 'ಟಾರ್ಗೆಟ್_ಓಎಸ್_ಐಫೋನ್' ಫೋನ್, ಸಿಮ್ಯುಲೇಟರ್ ಎರಡರಲ್ಲೂ 1 ಆಗಿರುತ್ತದೆ, ಹಲವರು ಎಡವುವುದು ಇಲ್ಲೇ.

ಆದರೆ ನಿಮ್ಮ ಕೆಲಸಕ್ಕೆ ಇದಾವುದೂ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಕ್ಯಾಮೆರಾ ಇದೆಯೇ ಎಂದೇ ನೇರವಾಗಿ ಕೇಳಿ: ಯುಐಇಮೇಜ್‌ಪಿಕರ್‌ಕಂಟ್ರೋಲರ್‌ನ 'ಈಸ್‌ಸೋರ್ಸ್‌ಟೈಪ್‌ಅವೈಲಬಲ್' ಉತ್ತರಿಸುತ್ತದೆ.

ಆಂಡ್ರಾಯ್ಡ್‌ನಲ್ಲಿ ಒಂದೇ ಎಪಿಕೆ (ಆ್ಯಪ್‌ನ ಕಡತ) ಫೋನ್ ಮತ್ತು ಎಮ್ಯುಲೇಟರ್ (ಫೋನನ್ನು ಅನುಕರಿಸುವ ತಂತ್ರಾಂಶ) ಎರಡರಲ್ಲೂ ಓಡಬಲ್ಲದು, ಆದ್ದರಿಂದ ಓಡುವಾಗಲೇ ಊಹಿಸಬೇಕು. 'ಬಿಲ್ಡ್.ಹಾರ್ಡ್‌ವೇರ್' ಬೆಲೆ 'ಗೋಲ್ಡ್‌ಫಿಶ್' ಅಥವಾ 'ರಾಂಚು' ಆಗಿದ್ದರೆ, ಇಲ್ಲವೇ 'ಬಿಲ್ಡ್.ಮಾಡೆಲ್'ನಲ್ಲಿ 'ಎಸ್‌ಡಿಕೆ_ಜಿಫೋನ್' ಇದ್ದರೆ ಅದು ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್. ಬೇರೆಯವರ ಎಮ್ಯುಲೇಟರ್‌ಗಳು ನಿಜವಾದ ಫೋನಿನ ಹೆಸರನ್ನೇ ಹೇಳಿಕೊಳ್ಳಬಲ್ಲವು. ಡೀಬಗ್‌ಗೆ (ದೋಷ ಹುಡುಕಲು) ಇಷ್ಟು ಸಾಕು. ಹಣದ ವ್ಯವಹಾರವಿದ್ದರೆ ಆ್ಯಪ್ ಓಡುತ್ತಿರುವ ಸಾಧನ ನಂಬಿಕೆಗೆ ಅರ್ಹವೇ ಎಂದು ತಿಳಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಪಿಐ ಬಳಸಿ, ಅದರ ಉತ್ತರವನ್ನು ಸರ್ವರ್‌ನಲ್ಲಿ ಪರಿಶೀಲಿಸಿ.