ಅಮೆರಿಕದಲ್ಲಿ ಗಂಡನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್: ಡಿಸೆಬಿಲಿಟಿ ಹಣ ಬೇಗ ಸಿಗುವ ದಾರಿ ಇದೆಯಾ?

ಅರ್ಜಿಯ ತೀರ್ಮಾನ ಬೇಗ ಸಿಗುವ ದಾರಿ ಇದೆ, ದುಡ್ಡಿಗೆ ಮಾತ್ರ ಸ್ವಲ್ಪ ಕಾಯಬೇಕು. ಕಂಪ್ಯಾಷನೇಟ್ ಅಲೋವೆನ್ಸಸ್ ಅಂತ ಅದರ ಹೆಸರು. ನಿಮ್ಮವರಿಗೆ 41 ವರ್ಷ, ಗ್ರೀನ್ ಕಾರ್ಡ್ ಇದೆ, ಎಂಟು ವರ್ಷದಿಂದ ಕೆಲಸದಲ್ಲಿದ್ದರು, ಕೀಮೋ ಶುರುವಾದ ಮೇಲೆ ಬಿಟ್ಟರು ಅಂತ ಬರೆದಿದ್ದೀರಿ. ಹಾಗಿದ್ದರೆ ತಡ ಮಾಡಬೇಡಿ, ಈ ವಾರವೇ ಅರ್ಜಿ ಹಾಕಿ. ನಮ್ಮ ಯಜಮಾನರಿಗಾಗಿ ಇದೆಲ್ಲ ಓಡಾಡಿದವಳು ನಾನು. ತಪ್ಪೂ ಮಾಡಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದಕ್ಕೆ ಅಂತ ಬೇರೆ ಫಾರ್ಮ್ ಇಲ್ಲ. ಎಲ್ಲರೂ ಹಾಕುವ ಎಸ್‌ಎಸ್‌ಡಿಐ (ದುಡಿದು ತೆರಿಗೆ ಕಟ್ಟಿದವರಿಗೆ ಕೆಲಸ ಮಾಡಲಾಗದಾಗ ಸರ್ಕಾರ ಕೊಡುವ ತಿಂಗಳ ಹಣ) ಅರ್ಜಿಯನ್ನೇ ಹಾಕಬೇಕು. ಅದರಲ್ಲಿರುವ ಕಾಯಿಲೆಯ ಹೆಸರನ್ನು ಈ ಹಣ ಕೊಡುವ ಸರ್ಕಾರಿ ಇಲಾಖೆ, ಅಂದರೆ ಸೋಶಿಯಲ್ ಸೆಕ್ಯುರಿಟಿಯವರ ಸಾಫ್ಟ್‌ವೇರ್ ಹುಡುಕಿ, ಪಟ್ಟಿಯಲ್ಲಿದ್ದರೆ ಫೈಲನ್ನು ಮುಂದಕ್ಕೆ ತಳ್ಳುತ್ತದೆ. 2008ರಲ್ಲಿ 50 ಕಾಯಿಲೆ ಇದ್ದ ಪಟ್ಟಿ 2025ರಲ್ಲಿ 300 ಮುಟ್ಟಿತು. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅದರಲ್ಲಿದೆ.

ಎಲ್ಲ ನಿಂತಿರುವುದು ಆ ಹೆಸರಿನ ಮೇಲೆ. ನಮ್ಮ ಯಜಮಾನರಿಗೆ ಇದ್ದದ್ದು ಗ್ಲಿಯೋಬ್ಲಾಸ್ಟೋಮಾ, ಮೆದುಳಿನ ಗಡ್ಡೆ. ಅದೂ ಪಟ್ಟಿಯಲ್ಲಿದೆ. ರಾತ್ರಿ ಹನ್ನೊಂದಕ್ಕೆ, ಮಗಳು ಮಲಗಿದ ಮೇಲೆ, ಡೈನಿಂಗ್ ಟೇಬಲ್ ಮುಂದೆ ಕೂತು ಅರ್ಜಿ ತುಂಬಿದೆ. ಕಾಯಿಲೆ ಯಾವುದು ಅನ್ನುವ ಕಡೆ 'ಬ್ರೈನ್ ಟ್ಯೂಮರ್, ತಲೆನೋವು, ಫಿಟ್ಸ್' ಅಂತ ಬರೆದೆ. ಆ ಉದ್ದದ ಹೆಸರಿನ ಸ್ಪೆಲಿಂಗ್ ಗೊತ್ತಿರಲಿಲ್ಲ. ರಿಪೋರ್ಟ್ ಪಕ್ಕದಲ್ಲೇ ಇತ್ತು, ತೆಗೆದು ನೋಡಲು ಮನಸ್ಸು ಬರಲಿಲ್ಲ. ಫೈಲ್ ಎಲ್ಲರ ಜೊತೆ ಸಾಲಿನಲ್ಲಿ ಕೂತಿತು. ಆರು ವಾರ ಸುದ್ದಿಯೇ ಇಲ್ಲ. ಕೊನೆಗೆ ಆಸ್ಪತ್ರೆಯ ಸೋಶಿಯಲ್ ವರ್ಕರ್ ಒಬ್ಬರು 'ಪೆಥಾಲಜಿ ರಿಪೋರ್ಟ್ ಕಳಿಸಿದ್ದೀರಾ?' ಅಂತ ಕೇಳಿದರು. ಮಾರನೇ ದಿನ ಫ್ಯಾಕ್ಸ್ ಮಾಡಿದೆ (ಹೌದು, ಇನ್ನೂ ಫ್ಯಾಕ್ಸೇ!). ಹದಿನೆಂಟು ದಿನಕ್ಕೆ ಮಂಜೂರಾಯಿತು.

ಹಾಗಾಗಿ ಬಯಾಪ್ಸಿ ರಿಪೋರ್ಟ್‌ನಲ್ಲಿ ಏನಿದೆಯೋ ಅದನ್ನೇ ಅಕ್ಷರ ತಪ್ಪದೆ ಬರೆಯಿರಿ. ಯಾವ ಸ್ಟೇಜ್, ಎಲ್ಲೆಲ್ಲಿ ಹರಡಿದೆ, ಅದನ್ನೂ. ಆಸ್ಪತ್ರೆಯವರು ಕಳಿಸುತ್ತಾರೆ ಅಂತ ಸುಮ್ನೆ ಕೂರಬೇಡಿ, ನೀವೇ ಕಳಿಸಿ. ದಾಖಲೆ ತರಿಸಿಕೊಳ್ಳಲು ಒಪ್ಪಿಗೆ ಕೊಡುವ 827 ನಂಬರಿನ ಫಾರ್ಮ್ ಒಂದಿದೆ. ಕೀಮೋ ಆದ ಮರುದಿನ ಸಹಿ ಹಾಕಿಸಲು ಹೋಗಬೇಡಿ, ಅವರು ಸ್ವಲ್ಪ ಗೆಲುವಾಗಿರುವ ದಿನ ಮುಗಿಸಿ.

ನನಗೆ ಯಾರೂ ಮೊದಲೇ ಹೇಳದಿದ್ದ ವಿಷಯ ಇನ್ನೊಂದಿದೆ. ಬೇಗ ಬರುವುದು ತೀರ್ಮಾನ, ದುಡ್ಡಲ್ಲ. ಕೆಲಸ ಮಾಡಲಾಗದ ದಿನದಿಂದ ಪೂರ್ತಿ ಐದು ತಿಂಗಳಿಗೆ ಎಸ್‌ಎಸ್‌ಡಿಐ ಏನೂ ಕೊಡುವುದಿಲ್ಲ. ಫೆಬ್ರವರಿ 10ಕ್ಕೆ ಕೆಲಸ ನಿಂತಿದ್ದರೆ ಮಾರ್ಚ್‌ನಿಂದ ಜುಲೈವರೆಗೆ ಸೊನ್ನೆ, ಆಗಸ್ಟ್ ತಿಂಗಳ ಹಣ ಸೆಪ್ಟೆಂಬರ್‌ನಲ್ಲಿ ಕೈಗೆ ಬರುತ್ತದೆ. ಎಎಲ್‌ಎಸ್ (ನರಗಳು ಸೋತು ಸ್ನಾಯುಗಳು ಕೆಲಸ ನಿಲ್ಲಿಸುವ ಕಾಯಿಲೆ) ಇದ್ದವರಿಗೆ ಮಾತ್ರ 2020ರ ಕಾನೂನು ಇದನ್ನು ತೆಗೆದುಹಾಕಿತು. ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ಗಂತೂ ಇದರ ಮೇಲೆ ಇನ್ನೂ 24 ತಿಂಗಳು ಕಾಯಬೇಕು. ಇಂಥ ಕಾಯಿಲೆಗೆ ಇದೆಂಥಾ ನಿಯಮ ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಅದಕ್ಕೇ ಕಂಪನಿ ಇನ್ಶೂರೆನ್ಸ್ ಬಿಡಬೇಡಿ, ಕೋಬ್ರಾದಲ್ಲಿ (ಕೆಲಸ ಬಿಟ್ಟ ಮೇಲೂ ಅದೇ ವಿಮೆಯನ್ನು ಸ್ವಂತ ದುಡ್ಡು ಕಟ್ಟಿ ಇಟ್ಟುಕೊಳ್ಳಲು ಬಿಡುವ ಕಾನೂನು) ಮುಂದುವರಿಸಿ. ಕಂತು ಜಾಸ್ತಿ, ಆದರೂ ಕಟ್ಟಿ. ಸಾಮಾನ್ಯವಾಗಿ ಅದು 18 ತಿಂಗಳು. ಕೋಬ್ರಾದ ಮೊದಲ 60 ದಿನದೊಳಗೇ ಅಂಗವಿಕಲತೆ ಇತ್ತು ಅಂತ ಸೋಶಿಯಲ್ ಸೆಕ್ಯುರಿಟಿಯವರ ಪತ್ರ ಹೇಳಿದರೆ 29 ತಿಂಗಳವರೆಗೆ ಎಳೆಯಬಹುದು. ಪತ್ರ ಬಂದ 60 ದಿನದೊಳಗೆ, ಆ 18 ತಿಂಗಳು ಮುಗಿಯುವ ಮೊದಲು, ಪ್ಲಾನ್‌ನವರಿಗೆ ತಿಳಿಸಬೇಕು ಅಷ್ಟೇ.

'ಸರ್ಕಾರದ ಮುಂದೆ ಕೈ ಚಾಚಬೇಕಾ' ಅಂತ ನಿಮ್ಮ ಅತ್ತೆಯವರು ಬೇಜಾರು ಮಾಡಿಕೊಂಡರು ಅಂದಿರಿ. ಮಗನ ಹಳೇ ಪೇ ಸ್ಲಿಪ್ ಒಂದನ್ನು ತೆಗೆದು ತೋರಿಸಿ. ಸಂಬಳದಲ್ಲಿ 6.2 ಪರ್ಸೆಂಟ್ ಸೋಶಿಯಲ್ ಸೆಕ್ಯುರಿಟಿಗೆ ಅಂತ ಮುರಿದುಕೊಂಡಿದ್ದಾರೆ, ಈ ಹಣ ಬರುವುದು ಅದರಿಂದಲೇ. ನಿಮ್ಮವರ ವಯಸ್ಸಿಗೆ ಕಳೆದ ಹತ್ತು ವರ್ಷದಲ್ಲಿ ಐದು ವರ್ಷದ ದುಡಿಮೆ, ಅಂದರೆ 20 ಕ್ರೆಡಿಟ್ ಇದ್ದರೆ ಸಾಕು. ಒಂದು ಎಚ್ಚರ: ಸ್ಟೂಡೆಂಟ್ ವೀಸಾದಲ್ಲಿ ಓಪಿಟಿ (ಓದಿನ ನಂತರ ಅದೇ ವೀಸಾದಲ್ಲಿ ಮಾಡುವ ತಾತ್ಕಾಲಿಕ ಕೆಲಸ) ಮಾಡಿದ ಕಾಲಕ್ಕೆ ಸಾಮಾನ್ಯವಾಗಿ ಈ ತೆರಿಗೆ ಹಿಡಿದಿರುವುದಿಲ್ಲ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಮಗುವಿನ ಹೆಸರಲ್ಲೂ ಅರ್ಜಿ ಹಾಕಿ, 18 ವರ್ಷದ ಒಳಗಿನ ಮಕ್ಕಳಿಗೂ ತಂದೆಯ ಲೆಕ್ಕದಲ್ಲಿ ತಿಂಗಳು ತಿಂಗಳು ಬರುತ್ತದೆ. ಬರ್ತ್ ಸರ್ಟಿಫಿಕೇಟ್ ಒರಿಜಿನಲ್ ಬೇಕು, ಇಲ್ಲವೇ ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ನಮ್ಮದು ಮೈಸೂರಿನಲ್ಲಿ ಅಮ್ಮನ ಬೀರುವಿನಲ್ಲಿತ್ತು. ನಿಮ್ಮದು ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳಿ.